ಸಿಂಪಿಗ ಬಂದ

ನಾನು ನಿಂತಿದ್ದದ್ದು ಹಿತ್ತಿಲ ಬಾವಿಕಟ್ಟೆಗೂ ದಾಳಿಂಬೆ ಗಿಡಕ್ಕೂ ನಡುವೆ, ಕಟ್ಟೆಯಿಂದ ಎರಡು ಹೆಜ್ಜೆ ಈಚೆಗೆ. ಮುಖ ಪೂರ್ವಕ್ಕಿತ್ತು. ಚಿತ್ರಭಾನು ಸಂವತ್ಸರದ ಕಾರ್ತಿಕ, ಒಂದು ಸೋಮವಾರ. ಬೆಳಿಗ್ಗೆ ಏಳಾಗಿರಲಿಲ್ಲ. ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿತ್ತು, ನಮ್ಮ ಬೀದಿಗೆ ಇನ್ನೂ ಇಳಿದಿರಲಿಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು. ಅದನ್ನು ಯಾವಾಗ ಜೇಬಿಗೆ ಹಾಕಿಕೊಂಡೆ ಎಂಬುದೊಂದು ನೆನಪಿಲ್ಲ. ಉಳಿದದ್ದೆಲ್ಲ ಇದೆ.

ಹೋದ ತಿಂಗಳು ಶಿರಾ ಸಂತೆಯಲ್ಲಿ ಒಬ್ಬ ಮಳೆಗೆ ನೆಂದ ಗೋಣಿಚೀಲಗಳನ್ನು ಹರವುತ್ತಿದ್ದ. ಆ ವಾಸನೆಗೆ ನಾನು ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವರ್ಷ ಶ್ರಾವಣದಿಂದ ಕಾರ್ತಿಕದವರೆಗೆ ಹೆಚ್ಚುಕಡಿಮೆ ದಿನವೂ ಬೆಳಿಗ್ಗೆ ಹಸಿ ಗೋಣಿಯ ಹಿಂದೆ ಉಸಿರು ಹಿಡಿದು ಕೂತವನು ನಾನು. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆ ಇಡುತ್ತೇನೆ.

ನನಗಾಗ ಇಪ್ಪತ್ತಮೂರು ವರ್ಷ. ಒಂದು ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರು. ಕೆಲಸ ಕಾಯಂ ಆಗಬೇಕಾದರೆ ನಡತೆಯ ಬಗ್ಗೆ ಒಳ್ಳೆಯ ವರದಿ ಹೋಗಬೇಕಿತ್ತು. ಬಾಡಿಗೆಗಿದ್ದದ್ದು ರುದ್ರಯ್ಯನವರ ಮನೆಯ ಮುಂದಿನ ಕೋಣೆಯಲ್ಲಿ. ರುದ್ರಯ್ಯನವರು ಶಿರಾ ಕಡೆಯವರು, ಊರೂರು ತಿರುಗಿ ಕಾಂಪೌಂಡರ್ ಕೆಲಸ ಮಾಡಿ ನಿವೃತ್ತರಾದವರು. ಬೀದಿಗೆಲ್ಲ ಅವರು ಡಾಕ್ಟ್ರು. ಮನೆಯಲ್ಲಿ ಅವರೂ ಅವರ ತಂಗಿ ಗಂಗಮ್ಮನವರೂ ಇಬ್ಬರೇ.

ಅವರ ಹತ್ತಿರ ಒಂದು ಸಣ್ಣ ಕ್ಯಾಮೆರಾ ಇತ್ತು. ಮುಚ್ಚಿದರೆ ಎಲೆಅಡಿಕೆ ಡಬ್ಬಿಯಷ್ಟು, ಕೋಟಿನ ಜೇಬಿಗೆ ಹೋಗುತ್ತಿತ್ತು. ಮುಚ್ಚಳ ತೆರೆದು ಎಳೆದರೆ ಕರಿ ತೊಗಲು ಕುಲುಮೆಯ ತಿದಿಯ ಹಾಗೆ ಮಡಿಕೆಮಡಿಕೆಯಾಗಿ ಹೊರಗೆ ಬರುತ್ತಿತ್ತು. ಅದರ ಕಣ್ಣಿನ ಮುಂದೆ ಅವರು ಇನ್ನೊಂದು ಗಾಜು ತಗುಲಿಸಿದ್ದರು. ಆ ಗಾಜಿದ್ದರೆ ಮೂರೂವರೆ ಅಡಿ ದೂರದ್ದು ಕೂದಲೆಳೆಯಷ್ಟು ಸ್ಪಷ್ಟ, ಅದರ ಹಿಂದಿನದೆಲ್ಲ ಮಬ್ಬು. ಅದರಲ್ಲಿ ಅವರು ಮನುಷ್ಯರ ಪಟ ಹಿಡಿಯುತ್ತಿರಲಿಲ್ಲ. ಹಿತ್ತಿಲಿಗೆ ದಿನಾ ಬರುವ ಹಕ್ಕಿಗಳದ್ದು ಮಾತ್ರ.

ಹಿತ್ತಿಲ ಕಳ್ಳಿಬೇಲಿಯ ಆಚೆ ಸಿಂಪಿಗರ ಹನುಮಂತಪ್ಪನ ಮನೆ. ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಕ್ಯಾಮೆರಾದ ಗುಂಡಿಗೆ ಕಟ್ಟಲು ಗಟ್ಟಿ ದಾರ ಕೊಡುತ್ತಿದ್ದವನು ಅವನೇ. ಕೊಡುವಾಗ ಒಂದು ಮಾತೂ ಕೊಡುತ್ತಿದ್ದ.

"ಅಲ್ಲಾ ಡಾಕ್ಟ್ರೇ, ಗುಬ್ಬಿ ಪಟ ಯಾರ್ ನೋಡ್ತಾರೆ? ನಮ್ಮನೆ ಸೂರ್ನಾಗೆ ಒಂದು ಹಿಂಡೇ ಅವೆ, ಬಂದು ಹಿಡ್ಕೊಂಡೋಗಿ."

"ದಿನಾ ಕಾಣೋದಕ್ಕೇ ನೀನು ನೋಡಿಲ್ಲ ಕಣೋ ಹನುಮಂತ. ಗಂಡು ಗುಬ್ಬಿ ಗಂಟಲು ಯಾವ ಬಣ್ಣ, ಹೇಳು ನೋಡಾಣ."

ಹನುಮಂತಪ್ಪ ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ, ಸ್ವಲ್ಪ ಯೋಚಿಸಿ, "ಗುಬ್ಬಿ ಬಣ್ಣ" ಎಂದಿದ್ದ.

ಹಕ್ಕಿಯ ಹತ್ತಿರಕ್ಕೆ ಹೋಗುವ ಕೆಲಸ ನಿಧಾನದ್ದು. ಮೊದಲು ಒಂದು ಮುಕ್ಕಾಲಿಯ ಮೇಲೆ ಕ್ಯಾಮೆರಾದಷ್ಟೇ ದೊಡ್ಡ ಮರದ ತುಂಡನ್ನಿಟ್ಟು ನಾಲ್ಕೈದು ದಿನ ಬಿಡಬೇಕು. ಹಕ್ಕಿ ಅದನ್ನು ಬಗ್ಗಿ ನೋಡುತ್ತದೆ, ಹಾರುತ್ತದೆ, ಮತ್ತೆ ಬರುತ್ತದೆ, ಕೊನೆಗೆ ಅದರ ಮೇಲೇ ಕೂರುತ್ತದೆ. ಆಗ ಮರದ ತುಂಡು ತೆಗೆದು ಆ ಜಾಗಕ್ಕೆ ಕ್ಯಾಮೆರಾ. ಗುಂಡಿಗೆ ಕಟ್ಟಿದ ದಾರ ಒಂದು ಮೊಳೆಯನ್ನು ಸುತ್ತಿ ನಮ್ಮತ್ತ ಬರುತ್ತಿತ್ತು, ಎಳೆದರೆ ಪಟ. ನಾವಿಬ್ಬರೂ ನೀರು ಚಿಮುಕಿಸಿದ ಗೋಣಿಯ ಮರೆಯಲ್ಲಿ ಕೂರುತ್ತಿದ್ದೆವು. ಒಣ ಗೋಣಿ ಗಾಳಿಗೆ ಪಟಪಟ ಅನ್ನುತ್ತದೆ ಎಂದು ನೀರು. ಯುದ್ಧದ ಕಾಲ, ಫಿಲಂ ಸಿಗುತ್ತಿರಲಿಲ್ಲ. ಆದ್ದರಿಂದ ಬೆಳಿಗ್ಗೆಗೆ ಒಂದೇ ಪಟ, ಕೆಲವು ದಿನ ಅದೂ ಇಲ್ಲ.

ಅವರು ದಾರ ಹಿಡಿದಿರುತ್ತಿದ್ದರು. ನಾನು ಅವರು ಪಿಸುಗುಟ್ಟಿದ್ದನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಹಕ್ಕಿ, ಎಷ್ಟು ಹೊತ್ತಿಗೆ, ಎಷ್ಟಡಿ, ಬೆಳಕು ಹೇಗೆ.

ಹೆಸರುಗಳು ಅವರವು. ಎಲೆಗೆ ಎಲೆ ಸೇರಿಸಿ ನಾರಿನಿಂದ ಹೊಲಿದು ಗೂಡು ಮಾಡುವ ಹೆಬ್ಬೆರಳಷ್ಟು ಹಕ್ಕಿ ಸಿಂಪಿಗ. ಒಗೆದಿಟ್ಟ ಹಾಗೆ ಕಪ್ಪುಬಿಳುಪಾಗಿ ಬಾಲ ನಿಮಿರಿಸುವುದು ಮಡಿವಾಳ. ಕೆಳಗೆ ಗುಂಪಾಗಿ ಕುಪ್ಪಳಿಸುತ್ತ ಗಲಾಟೆ ಮಾಡುವ ಬೂದುಬಣ್ಣದವು ಹರಟೆಮಲ್ಲ. ಬೇಗ ಬರೆಯಬೇಕಿತ್ತಾದ್ದರಿಂದ ನಾನು ಬರೀ 'ಮಲ್ಲ' ಎನ್ನುತ್ತಿದ್ದೆ.

ಮೊದಮೊದಲು "ಸಿಂಪಿಗ ಬಂತು" ಎಂದೇ ಬರೆದೆ. ಅವರು ಓದಿ ನಕ್ಕರು.

"ಬಂತು ಅನ್ನಬೇಡಿ ಮೇಷ್ಟ್ರೇ. ಮನೆಗೆ ಬಂದ ನೆಂಟನಿಗೆ ಬಂತು ಅಂತೀರಾ?"

"ವ್ಯಾಕರಣ ಒಪ್ಪಲ್ಲ ಸ್ವಾಮಿ. ಪ್ರಾಣಿಪಕ್ಷಿ ನಪುಂಸಕಲಿಂಗ."

"ಅದನ್ನ ಅವನ ಹೆಂಡತಿ ಮುಂದೆ ಹೇಳಿ."

ಗೋಣಿಯ ಹಿಂದೆ ನಗು ತಡೆಯಲಾಗದೆ ಆ ದಿನದ ಪಟ ಕೆಟ್ಟಿತು. ಅಂದಿನಿಂದ "ಬಂದ" ಎಂದೇ ಬರೆದೆ. ಅದರಲ್ಲಿ ಒಂದು ಸುಖವಿತ್ತು ಎಂಬುದನ್ನೂ ಹೇಳಬೇಕು.

ಬೇಲಿಯ ಈ ತುದಿಯಲ್ಲಿ ಮಡಿವಾಳರ ಚೌಡಯ್ಯ ಒಗೆದ ಬಟ್ಟೆ ಹರವುತ್ತಿದ್ದ. ನನ್ನ ಓರಗೆಯವನು. ಹಕ್ಕಿಗೆ ಅವನ ಜಾತಿಯ ಹೆಸರು ಎಂದು ತಿಳಿದಾಗ, "ಅದ್ಕಾರೂ ಬಟ್ಟೆ ಹೊರೋ ಕೆಲ್ಸ ಇಲ್ಲವಲ್ಲ ಬುದ್ಧಿ, ಪುಣ್ಯವಂತ" ಎಂದು ಹೋದ. ನಾವು ಗೋಣಿಯ ಮರೆಯಿಂದ ಏಳುವುದನ್ನು, ನನ್ನ ತೊಡೆಯ ಮೇಲಿನ ನೋಟ್‌ಬುಕ್ಕನ್ನು ದಿನಾ ನೋಡುತ್ತಿದ್ದವನು ಅವನೊಬ್ಬನೇ.

ಸ್ವಾತಂತ್ರ್ಯ ಚಳವಳಿಯ ಆ ಮಳೆಗಾಲ ಊರು ಸರಿಯಾಗಿರಲಿಲ್ಲ. ತಂತಿ ಕತ್ತರಿಸಿದರಂತೆ, ಅವರನ್ನು ಹಿಡಿದರಂತೆ, ಇವರು ತಪ್ಪಿಸಿಕೊಂಡರಂತೆ ಎಂಬ ಮಾತು ದಿನಾ ಇತ್ತು. ಬೆಳಗಾದರೆ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಕರಪತ್ರ. ಜಗಲಿಯ ಮೇಲೆ ಕೂತವರು ಯಾರಾದರೂ ಬಂದ ಕೂಡಲೆ ರಾಗಿಯ ಮಾತಿಗೆ ತಿರುಗುತ್ತಿದ್ದರು. ಪೇಟೆಗೆ ಹೊಸ ಮುಖ ಬಂದರೆ ಪೊಲೀಸಿನ ಕಡೆಯವನು, ಹಳೆಯ ಮುಖ ಎರಡು ದಿನ ಕಾಣದಿದ್ದರೆ ಅವನೂ ಪೊಲೀಸಿನ ಕಡೆಯವನು. ನಾನೂ ಹಾಗೇ ಲೆಕ್ಕ ಹಾಕುತ್ತಿದ್ದೆ.

ಕಾರ್ತಿಕದ ಮೊದಲಲ್ಲಿ, ಒಂದು ಭಾನುವಾರ ಇನ್ನೂ ಮಬ್ಬಿದ್ದಾಗ, ಪೊಲೀಸರು ಹನುಮಂತಪ್ಪನ ಹಿತ್ತಿಲ ಬಾಗಿಲಲ್ಲಿ ಅವನ ತಮ್ಮ ರಂಗಸ್ವಾಮಿಯನ್ನು ಹಿಡಿದರು. ಹೊಲಿಯಲು ಬಂದಿದ್ದ ಹತ್ತಿಕೋಟಿನ ಅಸ್ತರಿನೊಳಗೆ ಕರಪತ್ರ ಇತ್ತಂತೆ. ಇದು ಕೇಳಿದ್ದು. ಕಂಡದ್ದು ಇಷ್ಟೇ: ಹನುಮಂತಪ್ಪ ಬರಿಮೈಯಲ್ಲಿ ಬೇಲಿಯ ಹತ್ತಿರ ನಿಂತು, ಯಾರನ್ನೂ ನೋಡದೆ, "ಮುಂದ್ಲ ಬಾಗ್ಲು ಬಿಟ್ಟು ಹಿತ್ಲಿಗೇ ಹೆಂಗೆ ಬಂದ್ರು? ಯಾರ್ ಹೇಳ್ಕೊಟ್ರು?" ಎಂದು ಅದೇ ಮಾತನ್ನು ಆಡುತ್ತಿದ್ದ.

ಅದಾದ ಮೇಲಿನ ಎಂಟು ದಿನ ನನ್ನ ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಬಚ್ಚಿಡಬಾರದು. ನನಗೆ ರುದ್ರಯ್ಯನವರ ಮೇಲೆ ಅನುಮಾನ ಬಂತು. ಇಡೀ ಊರಿಗೆ ಸಿಗದ ಫಿಲಂ ಇವರಿಗೆ ಬೆಂಗಳೂರಿನಿಂದ ಯಾರು ಕಳಿಸುತ್ತಾರೆ? ಸಿಂಪಿಗನ ಗೂಡು ಬೇಲಿಗೆ ಹಬ್ಬಿದ ಬಳ್ಳಿಯ ಎಲೆಗಳಲ್ಲೇ ಇತ್ತು ಸರಿ, ಆದರೆ ಕ್ಯಾಮೆರಾದ ಮುಖ ಯಾವಾಗಲೂ ಹನುಮಂತಪ್ಪನ ಹಿತ್ತಿಲ ಕಡೆಗೇ ಯಾಕೆ? ಗುಬ್ಬಿಯ ಪಟ ನಿಜಕ್ಕೂ ಯಾರಿಗೆ ಬೇಕು? ಮುಕ್ಕಾಲಿಯ ಮೇಲಿನ ಮರದ ತುಂಡನ್ನು ಕಂಡಾಗಲೆಲ್ಲ ಈ ಹಕ್ಕಿಗಳ ಹುಚ್ಚೂ ನಮ್ಮನ್ನು ನಂಬಿಸಲು ಇಟ್ಟ ತುಂಡೇ ಇರಬಹುದೇ ಎಂದು ಯೋಚಿಸುತ್ತಿದ್ದೆ. ಅವರು ಎಂದಿನ ಹಾಗೆ ಪಿಸುಗುಟ್ಟುತ್ತಿದ್ದರು, ನಾನು ಎಂದಿನ ಹಾಗೆ ಬರೆಯುತ್ತಿದ್ದೆ.

ಆ ವಾರದ ಶನಿವಾರ ದಾರ ತರಲು ಹನುಮಂತಪ್ಪನ ಅಂಗಡಿಗೆ ಹೋದೆ. ಅವನು ತಲೆ ಎತ್ತದೆ ದಾರ ಕೊಟ್ಟ. ನೋಟ್‌ಬುಕ್ಕನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟಿದ್ದೆ, ಅವನು ಗಮನಿಸಲಿಲ್ಲ, ನಾನು ಮರೆತು ಬಂದೆ. ಅದರ ತುಂಬ ಅಡಿ, ಅಂಗುಲ ಎಂದಿತ್ತು. ಅವನದೇ ಅಳತೆ ಪುಸ್ತಕ ಎಂದುಕೊಂಡು ಅವನ ಹೆಂಡತಿ ಅದನ್ನು ಗಲ್ಲಾದ ಕೆಳಗೆ ಎತ್ತಿಟ್ಟಿದ್ದಳು ಎಂದು ಆಮೇಲೆ ಕೇಳಿದೆ. ಭಾನುವಾರ ಯಾರದೋ ಅಂಗಿಯ ಅಳತೆ ನೋಡಲು ಅವನು ಅದನ್ನು ಬಿಚ್ಚಿದ. ಒಳರಟ್ಟಿನ ಮೇಲೆ ರುದ್ರಯ್ಯನವರ ಹೆಸರಿತ್ತು.

ಸೋಮವಾರ ಬೆಳಿಗ್ಗೆ ನಾನು ಒಂದು ಬಿಡಿ ಹಾಳೆ ಹಿಡಿದು ಹಿತ್ತಿಲಿಗೆ ಬಂದೆ. ನೋಟ್‌ಬುಕ್ಕು ಎಲ್ಲಿ ಎಂದು ರುದ್ರಯ್ಯನವರು ಕೇಳುವ ಮೊದಲೇ ಬೇಲಿಯ ಸಂದಿನಿಂದ ಹನುಮಂತಪ್ಪ ಬಂದ. ಅವನ ಹಿಂದೆ ಧಾನ್ಯದ ಮಂಡಿಯ ಪರಮಶಿವಯ್ಯ, ಬೀದಿಯಲ್ಲಿ ಎಲ್ಲರೂ ಮಾತು ಕೇಳುವ ಮನುಷ್ಯ. ಅವರ ಹಿಂದೆ ಇನ್ನೂ ನಾಲ್ಕು ಜನ. ಚೌಡಯ್ಯ ತುದಿಯಲ್ಲಿ ಪಂಚೆ ಹಿಂಡುತ್ತ ನಿಂತಿದ್ದ.

ಹನುಮಂತಪ್ಪ ನೋಟ್‌ಬುಕ್ಕು ಬಿಚ್ಚಿ, ತಮ್ಮನನ್ನು ಹಿಡಿಯುವ ಮೊದಲಿನ ದಿನಗಳ ಪುಟದ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದ.

"ಗುರುವಾರ. ಸಿಂಪಿಗ ಆರೂ ಮುಕ್ಕಾಲಿಗೆ ಬೇಲಿ ದಾಟಿ ಬಂದ. ಬಾಯಲ್ಲಿ ದಾರ. ಶುಕ್ರವಾರ. ಮಲ್ಲರು ಏಳು ಜನ ಬೇಲಿ ಕೆಳಗೆ ಸಭೆ. ಮಡಿವಾಳ ಗೋಡೆ ಮೇಲೆ ಕಾವಲು. ಶನಿವಾರ. ಸಿಂಪಿಗ ಬಂದ, ಹೆಂಡತಿ ಒಳಗಿದ್ದಾಳೆ. ಬೆಳಕು ಸಾಲದು. ನಾಳೆ ಹೇಗಾದರೂ ಹಿಡಿಯಬೇಕು."

ಅವನು ತಲೆ ಎತ್ತಿದ. "ನಾಳೆ ಅಂದ್ರೆ ಭಾನ್ವಾರ. ಭಾನ್ವಾರ ಹಿಡ್ದ್ರು ನನ್ ತಮ್ಮನ್ನ."

ರುದ್ರಯ್ಯನವರು ನಕ್ಕುಬಿಟ್ಟರು. ಅವರು ನಕ್ಕದ್ದು ಓದಿದ ರೀತಿಗೆ, ಅದು ನನಗೆ ಗೊತ್ತು. ಆದರೆ ಆ ನಗುವಿಗೆ ಅಲ್ಲಿದ್ದವರ ಮುಖ ಬದಲಾದದ್ದನ್ನು ನಾನು ಕಂಡೆ.

"ಅದು ಹಕ್ಕಿ ಕಣಯ್ಯ ಹನುಮಂತ. ಸಿಂಪಿಗ ಅಂದ್ರೆ ಹಕ್ಕಿ. ಅಗೋ, ಆ ಎಲೇಲಿ ಗೂಡಿದೆ, ನೋಡು ಬಾ."

"ಹಕ್ಕಿ ಬಂದ ಅಂತಾರಾ? ಹಕ್ಕಿ ಬಂದ್ರೆ ಬಂತು ಅಂತಾರೆ. ನಾನೂ ಮೂರ್ನೇ ಕ್ಲಾಸ್ ಗಂಟ ಓದಿವ್ನಿ ಡಾಕ್ಟ್ರೇ. ಹಕ್ಕಿಗೆ ಹೆಂಡ್ತಿ ಇರ್ತಾಳಾ? ಇನ್ನೂರ್ ಸಲ ನಿಮ್ ಕೈಗೆ ದಾರ ಕೊಟ್ಟೆನಲ್ಲ, ಅದ್ನೇ ನನ್ ಕುತ್ಗೆಗೆ ಹಾಕ್ಬುಟ್ರಲ್ಲ!"

"ಪಟಗಳು ಇದ್ದರೆ ತೋರಿಸಿ" ಎಂದರು ಪರಮಶಿವಯ್ಯ.

ಗಂಗಮ್ಮನವರು ಒಳಗಿನಿಂದ ಪಟಗಳ ಲಕೋಟೆ ತಂದುಕೊಟ್ಟರು. ಗುಬ್ಬಿ, ಗೊರವಂಕ, ಮಡಿವಾಳ ಒಂದೊಂದಾಗಿ ಕೈಯಿಂದ ಕೈಗೆ ಹೋದವು. ಸಿಂಪಿಗನ ಪಟ ಬಂತು. ಅದು ಅವರು ಹಿಡಿದವುಗಳಲ್ಲೆಲ್ಲ ಒಳ್ಳೆಯದು: ಕೊಕ್ಕಿನಲ್ಲಿ ನಾರು, ಎದೆಯ ಒಂದೊಂದು ಪುಕ್ಕವೂ ಎಣಿಸುವಂತೆ. ಹನುಮಂತಪ್ಪ ಹಕ್ಕಿಯನ್ನು ನೋಡಲೇ ಇಲ್ಲ. ಅದರ ಹಿಂದೆ ಮಬ್ಬಾಗಿ ಉದ್ದಕ್ಕೆ ಬೆಳ್ಳಗೆ ಏನೋ ಇತ್ತು.

"ಇದು ರಂಗ. ನಮ್ ಹಿತ್ಲ ಬಾಗ್ಲಾಗೆ ನಿಂತವ್ನೆ."

"ಅದು ನಾನ್ ಒಣಗಾಕಿದ್ ಪಂಚೆ ಕಣಣ್ಣ" ಎಂದ ಚೌಡಯ್ಯ.

"ನೀನ್ ಸುಮ್ಕಿರ್ಲಾ. ನಿನ್ ಹೆಸ್ರೂ ಐತೆ ಇದ್ರಾಗೆ, ಕಾವಲು ಅಂತ."

ಪರಮಶಿವಯ್ಯ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ಕೆಲವು ಪುಟ ತಿರುವಿದರು. ನಿಧಾನದ ಮನುಷ್ಯ, ನಾಲ್ಕು ಜನರ ಜಗಳ ಬಿಡಿಸಿ ಅಭ್ಯಾಸವಿದ್ದವರು.

"ಇಲ್ಲಿ 'ಹಿಡಿದೆವು' ಅಂತಿದೆ ಡಾಕ್ಟ್ರೇ. 'ಹಿಡಿದೆ' ಅಂತಿಲ್ಲ. ಇನ್ನೊಬ್ಬರು ಯಾರು?"

ಚೌಡಯ್ಯ ನನ್ನನ್ನು ನೋಡಿದ. ರುದ್ರಯ್ಯನವರೂ ನನ್ನನ್ನು ನೋಡಿದರು, ಆದರೆ ಒಂದು ಕ್ಷಣ ಮಾತ್ರ, ಬೆಳಕು ಸಾಲುತ್ತದೋ ಇಲ್ಲವೋ ಎಂದು ನೋಡುವ ಹಾಗೆ.

"ನಾನೊಬ್ಬನೇ. ನಾವು ಅಂತ ಬರಕೊಳ್ಳೋದು ನನ್ನ ಚಾಳಿ. ನನಗೆ ನಾನೇ ಮರ್ಯಾದೆ ಕೊಡದಿದ್ದರೆ ಇನ್ಯಾರು ಕೊಡಬೇಕು?"

ಪರಮಶಿವಯ್ಯ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದಿದೋರು. ನಡುವೆ ನಿಂತು ಹೇಳಿ. ಹಕ್ಕಿ ವಿಚಾರ ಬರೆಯೋವಾಗ 'ಬಂದ' ಅಂತ ಯಾರಾದರೂ ಬರೀತಾರಾ?"

ನಾನು ಏನನ್ನು ಹೇಳಬಹುದಿತ್ತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅದು ನನ್ನ ಬರಹ, ನನಗೆ ಅವರು ಹಾಗೆ ಬರೆಯಲು ಹೇಳಿಕೊಟ್ಟರು, ನಾವು ನಕ್ಕೆವು, ಆ ದಿನದ ಪಟ ಕೆಟ್ಟಿತು. ಅಷ್ಟು ಹೇಳಿದ್ದರೆ ಹಿತ್ತಿಲಿನಲ್ಲಿ ಅನುಮಾನಕ್ಕೆ ಇಬ್ಬರು ಸಿಗುತ್ತಿದ್ದರು, ಪ್ರಾಯಶಃ ಅದರಿಂದಲೇ ಅದು ಸಡಿಲವಾಗುತ್ತಿತ್ತು. ನನ್ನ ಕೆಲಸದ ಯೋಚನೆ ಬಂತು. ಅದರ ಜೊತೆಗೇ ಎಂಟು ದಿನದ ಅನುಮಾನವೂ ಬಂತು. ಯಾವುದು ಮೊದಲು ಬಂತು ಎಂದು ಇಷ್ಟು ವರ್ಷ ಯೋಚಿಸಿದರೂ ತಿಳಿದಿಲ್ಲ.

"ಬರೆಯೋದಿಲ್ಲ" ಎಂದೆ. "ಬಂತು ಎಂದೇ ಬರೀಬೇಕು."

ಅದು ಸರಿಯಾದ ಉತ್ತರ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಹನುಮಂತಪ್ಪ ಕೂಗಲಿಲ್ಲ, ಕೈಮಾಡಲಿಲ್ಲ. ಮುಕ್ಕಾಲಿಯ ಹತ್ತಿರ ಹೋದ. ಆ ಬೆಳಿಗ್ಗೆ ಕ್ಯಾಮೆರಾ ಅಲ್ಲಿ ಬಿಚ್ಚಿಕೊಂಡು ಕೂತಿತ್ತು. ಸೊಂಟದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದು, ಅಂಚು ನೋಡಿ ಕತ್ತರಿಸುವ ದರ್ಜಿಯ ಹಾಗೇ, ಆ ಕರಿ ತೊಗಲಿನ ಮಡಿಕೆಗಳನ್ನು ಈ ಬದಿಯಿಂದ ಆ ಬದಿಗೆ ಕತ್ತರಿಸಿದ. ಎರಡು ಸಲ ಕತ್ತರಿ ಆಡಿದ ಸದ್ದು ಕೇಳಿಸಿತು. ಕ್ಯಾಮೆರಾದ ಮುಂಭಾಗ ದಾರದಲ್ಲಿ ಜೋತಾಡಿತು. ರುದ್ರಯ್ಯನವರು ಕೈ ಅಡ್ಡ ಹಿಡಿಯಲಿಲ್ಲ. "ಅದರ ಒಳಗೆ ಈ ವಾರದ ಪಟಗಳಿದ್ದವಲ್ಲೋ" ಎಂದಷ್ಟೇ ಅಂದರು. ಅದು ಪೊಲೀಸಿಗೆ ಹೋಗಬೇಕಾದ ಪಟದ ಮಾತು ಎಂದೇ ಅಲ್ಲಿದ್ದವರು ತಿಳಿದರು.

ಆಮೇಲಿನದು ಬೇಗ ಆಯಿತು. ಹಾಲಿನವಳು ಬರಲಿಲ್ಲ. ಔಷಧ ಕೇಳಲು ಯಾರೂ ಬರಲಿಲ್ಲ. ಗಂಗಮ್ಮನವರು ಬೀದಿಯಲ್ಲಿ ನಡೆದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಎತ್ತಿಕೊಳ್ಳುತ್ತಿದ್ದರು. ಒಬ್ಬಾಕೆ ಅವರ ಕಿವಿಗೆ ಬೀಳುವಂತೆ, "ಬೇಲಿ ಸಂದೀಲಿ ಕಣ್ಣಿಕ್ಕೊಂಡ್ ಕೂತಿದ್ರಂತೆ ಕಣಮ್ಮ, ಅಣ್ಣತಂಗೀರು" ಎಂದಳು. ಇದನ್ನು ನಾನೇ ಕೇಳಿದೆ. ಕಾರ್ತಿಕ ಮುಗಿಯುವುದರೊಳಗೆ ಅವರು ಒಂದು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಶಿರಾಕ್ಕೆ ಹೊರಟರು. ನಾನು ಹಾಸಿಗೆ ಸುರುಳಿ ಎತ್ತಿಕೊಟ್ಟೆ. ಅವರು ನನ್ನಿಂದ ಏನನ್ನೂ ಕೇಳಲಿಲ್ಲ.

ನನ್ನ ಕೆಲಸ ಕಾಯಂ ಆಯಿತು, ಪಾವಗಡದ ಕಡೆಗೆ ಹಾಕಿದರು. ಅಲ್ಲಿ ಮಕ್ಕಳ ಮನೆಮಾತು ತೆಲುಗು. ತೆಲುಗಿನಲ್ಲಿ ಹೆಂಗಸಿಗೂ ಹಕ್ಕಿಗೂ ಕ್ರಿಯಾಪದದ ಕೊನೆ ಒಂದೇ. ಆದ್ದರಿಂದ ಆ ಮಕ್ಕಳು ಕನ್ನಡದಲ್ಲಿ, "ಸಾರ್, ನಮ್ಮಮ್ಮ ಬಂತು" ಎನ್ನುತ್ತಿದ್ದರು. ಪ್ರತಿ ವರ್ಷ ಆ ಪಾಠ ಬರುತ್ತಿತ್ತು: ಬಂದನು, ಬಂದಳು, ಬಂದಿತು. ಹಲಗೆಯ ಮೇಲೆ ಬರೆದು ಹಿಂದೆ ಸರಿದು ನಿಲ್ಲುತ್ತಿದ್ದೆ. ತಪ್ಪು ಮಾಡಿದ ಮಗುವಿಗೆ ಒಂದು ದಿನವೂ ಹೊಡೆದಿಲ್ಲ. ಒಳ್ಳೆಯ ಮೇಷ್ಟ್ರು ಎಂದು ಹೆಸರು ಬಂತು.

ಮೂರನೆಯ ವರ್ಷ ಶಿರಾಕ್ಕೆ ಹೋಗಿ ಅವರನ್ನು ಕಂಡೆ. ಜಗಲಿಯಲ್ಲಿ ಕೂತಿದ್ದರು. ನಾನು ಸಾಲಾಗಿ ಯೋಚಿಸಿಕೊಂಡು ಹೋಗಿದ್ದ ಮಾತು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಬಿಡಿ ಮೇಷ್ಟ್ರೇ. ವ್ಯಾಕರಣ ಸರಿಯಾಗೇ ಹೇಳಿದ್ರಿ." ಆಮೇಲೆ ಬೀದಿಯನ್ನು ನೋಡುತ್ತ ಕೇಳಿದರು: "ನನಗೊಂದು ತಿಳೀಬೇಕು. ನಿಮಗೂ ಅನುಮಾನ ಇತ್ತಾ?"

"ಇತ್ತು" ಎಂದೆ.

ಅವರು ತಲೆಯಾಡಿಸಿದರು. ಗಂಗಮ್ಮನವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋದವರು ನೀರು ತರಲಿಲ್ಲ. ನಾನು ಎದ್ದು ಬಂದೆ.

ರಂಗಸ್ವಾಮಿ ಜೈಲಿನಿಂದ ಬಂದ ಮೇಲೆ ತನ್ನ ವಿಚಾರ ಪೊಲೀಸರಿಗೆ ಯಾರು ಹೇಳಿದರೋ ತನಗೂ ಗೊತ್ತಿಲ್ಲ ಎಂದನಂತೆ. ರುದ್ರಯ್ಯನವರು ಹೇಳಲಿಲ್ಲ ಎಂದು ನಾನು ಈಗ ನಂಬುತ್ತೇನೆ. ನಂಬುತ್ತೇನೆ ಎಂದು ಬರೆದೆ, ಗೊತ್ತು ಎಂದು ಬರೆಯಲಾರೆ. ಆದರೆ ಆ ಪುಟಗಳಲ್ಲಿದ್ದದ್ದು ಹಕ್ಕಿಗಳು ಮಾತ್ರ, ಅವನ್ನು ಬರೆದದ್ದು ನಾನು. ಇದು ಗೊತ್ತು.

ಅಂದು ಹಿತ್ತಿಲಿನಲ್ಲಿದ್ದವರಲ್ಲಿ ರುದ್ರಯ್ಯನವರು ಹೋದರು, ಗಂಗಮ್ಮನವರು ಹೋದರು. ಹನುಮಂತಪ್ಪನೂ ಪರಮಶಿವಯ್ಯನವರೂ ಇಲ್ಲ. ಹಿಂದೆ ನಿಂತಿದ್ದ ನಾಲ್ವರ ಹೆಸರು ನನಗೆ ಗೊತ್ತಿರಲಿಲ್ಲ, ಈಗ ಹೇಳುವವರಿಲ್ಲ. ಇದನ್ನು ಓದಿ ನಂಬಲಾಗದವರು ಕೊರಟಗೆರೆಗೆ ಹೋಗಬಹುದು. ಅಲ್ಲಿ ಮಗಳ ಮನೆಯಲ್ಲಿ, ಆ ನೋಟ್‌ಬುಕ್ಕು ಯಾರ ತೊಡೆಯ ಮೇಲಿತ್ತೆಂದು ದಿನಾ ಕಂಡಿದ್ದ ಮಡಿವಾಳರ ಚೌಡಯ್ಯ ಇದ್ದಾನೆ. ಹೋದ ವರ್ಷ ಅಲ್ಲಿನ ಬಸ್ಸು ನಿಲ್ದಾಣದಲ್ಲಿ ಎದುರಾದ. ನನಗೆ ಅವನ ಗುರುತು ಸಿಗಲಿಲ್ಲ. ಅವನು ದೂರದಿಂದಲೇ, "ಮೇಷ್ಟ್ರಲ್ವೇ?" ಎಂದ.